ಮ್ಯಾಮತ್ ಗುಹೆಯ ಕುರುಡು ಸಿಗಡಿ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಜೊತೆ ಕೆಂಟಕಿಯ ಮ್ಯಾಮತ್ ಗುಹೆ ನೋಡಿ ಬಂದೆವು. ಅಲ್ಲಿ ಕಣ್ಣಿಲ್ಲದ ಸಿಗಡಿ ಇದೆಯಂತೆ. ಒಂದೂ ಕಾಣಲಿಲ್ಲ! ಬೆಳಕೇ ಇಲ್ಲದ ಕಡೆ ಅದು ಏನು ತಿಂದು ಬದುಕುತ್ತದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಾಣದಿದ್ದದ್ದೇ ಸಹಜ. ಪ್ರವಾಸಿಗರು ನಡೆಯುವುದು ಹೆಚ್ಚಾಗಿ ಮೇಲಿನ, ಒಣಗಿದ ಸುರಂಗಗಳಲ್ಲಿ. ಕೆಂಟಕಿ ಗುಹೆ ಸಿಗಡಿ ಇರುವುದು ತೀರಾ ಕೆಳಗೆ, ನೀರು ಇನ್ನೂ ಹರಿಯುವ ಮಟ್ಟದಲ್ಲಿ. ಮ್ಯಾಮತ್ ಗುಹೆ ಮತ್ತು ಅದರ ಸುತ್ತಮುತ್ತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಎದುರಿಗೇ ಇದ್ದರೂ ಸುಲಭವಾಗಿ ಕಾಣುತ್ತಿರಲಿಲ್ಲ ಬಿಡಿ. ಉದ್ದ ಹೆಚ್ಚೆಂದರೆ ಮೂರು ಸೆಂಟಿಮೀಟರ್. ಮೈಗೆ ಬಣ್ಣವೇ ಇಲ್ಲ, ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಕಣ್ಣಿನ ತೊಟ್ಟು ಮಾತ್ರ ಉಳಿದಿದೆ, ನೋಟವಿಲ್ಲ. ಮುಂಗಾಲುಗಳ ಪುಟ್ಟ ಚಿಮುಟದ ತುದಿಯಲ್ಲಿ ಕೂದಲಿನ ಕುಚ್ಚು ಇದೆ. ಅದರಿಂದ ತಳದ ಹೂಳು ಬಳಿದು ಬಾಯಿಗೆ ಹಾಕಿಕೊಳ್ಳುತ್ತದೆ. ಹೂಳಲ್ಲಿ ಇರುವುದು ಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದ ಜೀವಿಗಳು, ಕೊಳೆತ ಎಲೆಯ ಚೂರು. ಅಷ್ಟೇ ಊಟ.

ಆ ಎಲೆ ಬರುವುದು ಮೇಲಿನಿಂದ. ಇಲ್ಲೇ ಇರುವುದು ತೊಂದರೆ. ಗುಹೆಯ ದಕ್ಷಿಣಕ್ಕೆ ಹೊಲ, ಊರು, ಹೆದ್ದಾರಿ ಇರುವ ಸುಣ್ಣಕಲ್ಲಿನ ಬಯಲಿದೆ. ಅಲ್ಲಿ ನೆಲ ಕುಸಿದು ಆದ ಗುಂಡಿಗಳು ಬಚ್ಚಲ ತೂತಿನ ಹಾಗೆ. ಮಳೆನೀರು ಮಣ್ಣಲ್ಲಿ ಸೋಸದೆ ನೇರ ಒಳಗೆ ಇಳಿಯುತ್ತದೆ, ಎಲೆಯ ಜೊತೆ ಗೊಬ್ಬರ, ಎಣ್ಣೆ, ಕೊಳಚೆ ಎಲ್ಲವೂ. ಗುಹೆ ಇರುವ ರಾಷ್ಟ್ರೀಯ ಉದ್ಯಾನದ ಗಡಿಗೆ ಬೇಲಿ ಹಾಕಿದರೆ ಸಿಗಡಿಗೆ ಏನು ಬಂತು, ಅಲ್ವಾ? 1983ರಲ್ಲೇ ಅದು ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿತು. ಗುಹೆಯ ಪಕ್ಕದ ಗ್ರೀನ್ ನದಿಯ ಹಳೇ ಅಣೆಕಟ್ಟಿನಿಂದ ನೀರು ಹಿಂದಕ್ಕೆ ನಿಂತು ಗುಹೆಯ ಹೊಳೆಗಳಲ್ಲಿ ಹೂಳು ಜಾಸ್ತಿ ಆಗುತ್ತಿತ್ತು. ಅದನ್ನು 2017ರಲ್ಲಿ ಕೆಡವಿ ತೆಗೆದರು. ನನ್ನ ಪ್ರಕಾರ ಸಿಗಡಿಗೆ ಮಾಡಿದ ದೊಡ್ಡ ಉಪಕಾರ ಇದೇ.

ಇಂಥ ಕುರುಡು ಸಿಗಡಿ ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ ಎಂಬುದೂ ನಿಜ. ನಮ್ಮ ಪಕ್ಕದ ಕೊಂಕಣದ ರತ್ನಾಗಿರಿಯ ಬಾವಿಯಲ್ಲೇ ಒಂದು ಜಾತಿ ಸಿಕ್ಕಿತ್ತು.

ಮತ್ತೆ ಕೆಂಟಕಿಗೆ ಹೋದರೆ ಹತ್ತಿರದ ಹಾರ್ಸ್ ಕೇವ್ ಎಂಬ ಊರಿಗೂ ಹೋಗಿ. ಅಲ್ಲಿ ಊರ ನಡುವೆಯೇ ಹಿಡನ್ ರಿವರ್ ಗುಹೆ ಇದೆ. ಊರಿನ ಚರಂಡಿ ನೀರೆಲ್ಲ ಅದರೊಳಗೇ ಹೋಗುತ್ತಿತ್ತು. ಗಬ್ಬುನಾತ ತಡೆಯಲಾಗದೆ 1943ರಲ್ಲಿ ಬಾಗಿಲು ಹಾಕಿದರು. ಕೊಳಚೆ ಶುದ್ಧೀಕರಣ ಘಟಕ ಕಟ್ಟಿದ ಮೇಲೆ, 1993ರಲ್ಲಿ ಮತ್ತೆ ತೆರೆದರು. ಆ ಹೊಳೆಗೆ ಈಗ ಕುರುಡು ಮೀನುಗಳು ಮರಳಿ ಬಂದಿವೆ.