ಓದುಗರ ಪ್ರಶ್ನೆ: ಕಳ್ಳಿಗಿಡಗಳಿಗೆ ಆ ಹೆಸರುಗಳು ಬಂದದ್ದು ಹೇಗೆ?

ಪ್ರಶ್ನೆ: ನರ್ಸರಿಯಿಂದ ತಂದ ಬ್ರಹ್ಮಕಮಲದ ಕುಂಡದ ಮೇಲೆ ‘ಎಪಿಫಿಲ್ಲಮ್ ಆಕ್ಸಿಪೆಟಾಲಮ್’ ಎಂಬ ಚೀಟಿಯಿತ್ತು. ಇದರ ಅರ್ಥವೇನು? ಈ ಗಿಡ ನಿಜಕ್ಕೂ ಕಳ್ಳಿಯೇ?

ಉತ್ತರ: ಹೌದು, ಇದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಕಳ್ಳಿ. ಹಿಮಾಲಯದ ಬ್ರಹ್ಮಕಮಲವೇ ಬೇರೆ. ಅದು ಸೂರ್ಯಕಾಂತಿಯ ಕುಟುಂಬದ್ದು. ಗ್ರೀಕ್ ಭಾಷೆಯಲ್ಲಿ ‘ಎಪಿ’ ಎಂದರೆ ಮೇಲೆ, ‘ಫಿಲ್ಲಾನ್’ ಎಂದರೆ ಎಲೆ. ‘ಆಕ್ಸಿಪೆಟಾಲಮ್’ ಎಂದರೆ ಚೂಪಾದ ದಳಗಳುಳ್ಳದ್ದು. ಎಲೆಯ ಮೇಲೆಯೇ ಹೂ ಬಿಡುವಂತೆ ಕಾಣುವುದರಿಂದ ಈ ಹೆಸರು ಬಂದಿದೆಯಾದರೂ, ನಾವು ಎಲೆ ಎಂದುಕೊಳ್ಳುವ ಆ ಭಾಗ ವಾಸ್ತವವಾಗಿ ಚಪ್ಪಟೆಯಾದ ಹಸಿರು ಕಾಂಡ.

ನಮ್ಮ ಬೇಲಿಗಳ ಪಾಪಾಸುಕಳ್ಳಿಯ ಕುಲನಾಮವಾದ, ಅಂದರೆ ಸಸ್ಯಶಾಸ್ತ್ರೀಯ ಹೆಸರಿನ ಮೊದಲ ಪದವಾದ ‘ಓಪನ್ಶಿಯ’ದ ಹಿಂದೆಯೂ ಇಂಥದೇ ಭ್ರಮೆಯಿದೆ. ಗ್ರೀಸಿನ ಓಪಸ್ ಪಟ್ಟಣದ ಸುತ್ತ ಬೆಳೆಯುವ, ಎಲೆಯಿಂದಲೇ ಬೇರು ಬಿಡುವ ಒಂದು ಸಸ್ಯವನ್ನು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲಿಯೇ ಉಲ್ಲೇಖಿಸಿದ್ದನು. ಅದು ಕಳ್ಳಿಯಾಗಿರಲು ಸಾಧ್ಯವಿಲ್ಲ, ಏಕೆಂದರೆ ಅಮೆರಿಕದ ಓಪನ್ಶಿಯಗಳು ಯುರೋಪನ್ನು ತಲುಪಿದ್ದು 1492ರ ನಂತರ. ಆದರೂ ತುಂಡು ನೆಟ್ಟರೆ ಬೇರೂರುವ ಈ ಹೊಸ ಗಿಡಕ್ಕೆ ಆ ಹಳೆಯ ಹೆಸರೇ ಅಂಟಿಕೊಂಡಿತು.

ಪ್ರಶ್ನೆ: ಹೆಸರು ತಪ್ಪೆಂದು ತಿಳಿದ ಮೇಲೂ ಅದನ್ನೇಕೆ ತಿದ್ದುವುದಿಲ್ಲ?

ಉತ್ತರ: ಸಸ್ಯನಾಮಗಳ ಅಂತರರಾಷ್ಟ್ರೀಯ ನಿಯಮದಂತೆ, ಹೆಸರು ಗಿಡವನ್ನು ಗುರುತಿಸಲು ಇರುವುದೇ ಹೊರತು ವರ್ಣಿಸಲು ಅಲ್ಲ, ಅರ್ಥ ಹೊಂದುವುದಿಲ್ಲವೆಂಬ ಕಾರಣಕ್ಕೆ ಅದನ್ನು ಕೈಬಿಡುವಂತಿಲ್ಲ. ಹಾಗೆ ತಿದ್ದಲು ಹೊರಟರೆ ‘ಕ್ಯಾಕ್ಟಸ್’ ಪದದಿಂದಲೇ ಆರಂಭಿಸಬೇಕಾದೀತು! ಪ್ರಾಚೀನ ಗ್ರೀಕ್ ವಿದ್ವಾಂಸ ಥಿಯೊಫ್ರಾಸ್ಟಸ್ ‘ಕಾಕ್ಟೊಸ್’ ಎಂದು ಕರೆದದ್ದು ಸಿಸಿಲಿಯ ಒಂದು ಮುಳ್ಳುಗಿಡವನ್ನು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಆ ಪದವನ್ನು ಅಮೆರಿಕದ ಕಳ್ಳಿಗಳಿಗೆ ಕೊಟ್ಟನು. ಕೆಲವು ಹೆಸರುಗಳಂತೂ ಗಿಡದ ರೂಪವನ್ನು ಸೂಚಿಸುವ ಗೋಜಿಗೇ ಹೋಗಿಲ್ಲ. ಪಾಪಾಸುಕಳ್ಳಿಯ ‘ಡಿಲ್ಲೇನಿ’ ಎಂಬ ಪ್ರಭೇದನಾಮ (ಹೆಸರಿನ ಎರಡನೆಯ ಪದ) ಆಕ್ಸ್‌ಫರ್ಡಿನ ಸಸ್ಯಶಾಸ್ತ್ರಜ್ಞ ಡಿಲ್ಲೇನಿಯಸ್‌ನ ಗೌರವಾರ್ಥವಾದರೆ, ‘ಲೊಬಿವಿಯ’ ಎಂಬ ಕುಲನಾಮ ಬೊಲಿವಿಯ ದೇಶದ ಅಕ್ಷರಗಳನ್ನೇ ಅದಲುಬದಲು ಮಾಡಿ ಕಟ್ಟಿದ್ದು. ಪದಬಂಧ ಪ್ರಿಯರಿಗೆ ಇದು ಹಿಡಿಸೀತು.

ಪ್ರಶ್ನೆ: ಡ್ರ್ಯಾಗನ್ ಹಣ್ಣಿನ ಗಿಡಕ್ಕೆ ಎರಡು ಹೆಸರುಗಳೇಕೆ?

ಉತ್ತರ: ಅದರ ಹಿಂದಿನ ಹೆಸರು ‘ಹೈಲೊಸೀರಿಯಸ್ ಅಂಡೇಟಸ್’. 2017ರಲ್ಲಿ ಸಂಶೋಧಕರು ಆ ಕುಲವನ್ನು, ಚಂದ್ರದೇವತೆ ಸೆಲೀನಿಯ ಹೆಸರುಳ್ಳ ‘ಸೆಲೆನಿಸೀರಿಯಸ್’ ಕುಲದಲ್ಲಿ ವಿಲೀನಗೊಳಿಸಿದರು. ರಾತ್ರಿ ಅರಳುವ ಹೂವಿಗೆ ಇದೇ ಒಪ್ಪುತ್ತದೆ. ಕಾಂಡದ ಅಲೆಯಂಥ ಅಂಚನ್ನು ಸೂಚಿಸುವ ‘ಅಂಡೇಟಸ್’ ಮಾತ್ರ ಬದಲಾಗಿಲ್ಲ. ಸಸಿಯ ಚೀಟಿಯಲ್ಲಿ ಯಾವ ಹೆಸರಿದ್ದರೂ ಗಿಡ ಅದೇ.