ಬೀಡಿ ಕಟ್ಟುವ ಜಗಲಿಯಲ್ಲಿ ಅಧ್ಯಾಪಕರಿಗೇನು ಪಾಠ?

ಪ್ರಶ್ನೆ: ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಬಡ ಸಮುದಾಯಗಳಿಂದ ವಿಶ್ವವಿದ್ಯಾಲಯದ ಅಧ್ಯಾಪಕರು ಕಲಿಯುವುದು ಬಹಳಷ್ಟಿದೆ ಎಂದು ವಿಚಾರಸಂಕಿರಣಗಳಲ್ಲಿ ಕೇಳುತ್ತಿರುತ್ತೇನೆ. ನಿಜವಾಗಿ ಕಲಿಯಬೇಕಾದದ್ದು ಏನು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಬಡತನವನ್ನೇ ಗುರುವೆಂದು ಹೊಗಳುವ ಭಾಷಣಗಳ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಆದರೆ ದಿನದ ದುಡಿಮೆಯಿಂದ ಬದುಕುವ ಮನೆಗಳ ಲೆಕ್ಕಾಚಾರ ನಮ್ಮಂಥ ಅಧ್ಯಾಪಕರ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ನಿಜ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಪ್ರತಿವಾರ ಒಂದೇ ದಿನ ತರಗತಿ ತಪ್ಪಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳನ್ನು ಆಸಕ್ತಿಯಿಲ್ಲದವಳು ಎಂದು ತೀರ್ಮಾನಿಸಿಬಿಟ್ಟಿದ್ದೆ. ಮನೆಗೆ ಹೋದಾಗ ತಿಳಿಯಿತು, ಅದು ಕಟ್ಟಿದ ಬೀಡಿಯನ್ನು ಬ್ರಾಂಚಿಗೆ, ಅಂದರೆ ಎಲೆ-ಹೊಗೆಸೊಪ್ಪು ಕೊಟ್ಟು ಬೀಡಿ ಪಡೆಯುವ ಕಂಪನಿಯ ಕೇಂದ್ರಕ್ಕೆ, ಒಪ್ಪಿಸುವ ದಿನ. ಜಗಲಿಯಲ್ಲಿ ಮಡಿಲಲ್ಲಿ ಮೊರವಿಟ್ಟು ಕುಳಿತಿದ್ದ ಅವಳ ತಾಯಿ, ನೆನೆಸಿದ ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ ನೂಲು ಕಟ್ಟುತ್ತಿದ್ದರು. ತೂಗಿ ಕೊಟ್ಟ ಎಲೆಯಲ್ಲಿ ಹೇಳಿದಷ್ಟು ಬೀಡಿ ಬಾರದಿದ್ದರೆ ಕೊರತೆಯ ಎಲೆಯನ್ನು ಅವರೇ ಹಣ ಕೊಟ್ಟು ತರಬೇಕಿತ್ತು. ಹಾಗಾಗಿ ತೂತುಬಿದ್ದ ಎಲೆಯಲ್ಲಿ ಎಷ್ಟು ತುಂಡು ಸಿಕ್ಕೀತೆಂದು ಕತ್ತರಿ ಇಡುವ ಮೊದಲೇ ಅವರ ಕಣ್ಣು ಅಳೆದಿರುತ್ತಿತ್ತು. ನಷ್ಟದ ಹೊರೆಯನ್ನು ಯಾರು ಹೊರುತ್ತಾರೆ ಎಂಬ ಅಧ್ಯಾಯವನ್ನು ನಾನು ಎಷ್ಟೋ ವರ್ಷ ಬೋಧಿಸಿದ್ದೆ, ಆ ಮೊರವನ್ನು ಮಾತ್ರ ನೋಡಿರಲಿಲ್ಲ.

ಇನ್ನೊಂದು ಮಾತು. ಉತ್ತರ ಮಲಬಾರಿನ ಬೀಡಿ ಕಾರ್ಖಾನೆಗಳಲ್ಲಿ ಕೆಲಸಗಾರರಲ್ಲೊಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಕೈಕೆಲಸ ಬಿಡದೆ ಕೇಳುವುದು, ಓದುಗನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಕಟ್ಟಿಕೊಡುವುದು ರೂಢಿಯಾಗಿತ್ತು. 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿಯ ಸಹಕಾರಿ ವ್ಯವಸ್ಥೆ ಹುಟ್ಟಿದ್ದೂ ಇಂಥ ಕೆಲಸಗಾರರ ನಡುವೆಯೇ. ಓದಲು ಕಳೆದ ಸಮಯದ ಬೆಲೆಯನ್ನು ಅವರು ಒಬ್ಬನ ಮೇಲೆ ಬಿಡಲಿಲ್ಲ. ನಮ್ಮಲ್ಲಾದರೋ ಶೇಕಡಾ 75ರ ಹಾಜರಿ ತಪ್ಪಿದ ಹುಡುಗಿಯೊಬ್ಬಳೇ ಅದನ್ನು ತೆರಬೇಕು.

ಸಮೀಕ್ಷೆಗಳ ಬಗ್ಗೆ ಹೆಚ್ಚು ಹೇಳಲಾರೆ. ಕರಾವಳಿಯ ಬುಡಕಟ್ಟಿನವರಾದ ಕೊರಗರ ಕಾಲನಿಗಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದು, ತುಳುವಿನಲ್ಲಿ ಬಂದ ಉತ್ತರವನ್ನು ಇಂಗ್ಲಿಷ್ ನಮೂನೆಯ ಚೌಕಗಳಿಗೆ ಒತ್ತಿ ತುಂಬಿಸಿ ಮರಳುವ ನಾವು, ಬರೆದದ್ದನ್ನು ಅವರಿಗೆ ಓದಿ ಹೇಳಿದ ನೆನಪು ನನಗಂತೂ ಇಲ್ಲ. ನೀವು ಹೋಗುವುದಾದರೆ ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದಲಿ.

ಆ ವಿದ್ಯಾರ್ಥಿನಿಯ ಕಿರುಪರೀಕ್ಷೆಯನ್ನು ನಾನು ಬೀಡಿ ಒಪ್ಪಿಸುವ ದಿನದಿಂದ ಮರುದಿನಕ್ಕೆ ಬದಲಿಸಿದೆ. ನಿಯಮ ಮುರಿದಿರೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಅವರನ್ನು ಆ ಜಗಲಿಗೆ ಕರೆದೊಯ್ದೆ.