ಮಗುವಿನ ಪಾದ ಹುಟ್ಟಿನಿಂದಲೇ ಒಳಗೆ ತಿರುಗಿದೆ, ದೊಡ್ಡ ಆಪರೇಷನ್ ಬೇಕೇ ಬೇಕಾ?

ಬಹುತೇಕ ಮಕ್ಕಳಿಗೆ ಬೇಡ. ಇದಕ್ಕೆ ಕ್ಲಬ್‌ಫುಟ್ ಅಂತಾರೆ. ಸುಮ್ನೆ ಎಣ್ಣೆ ತಿಕ್ಕುತ್ತಾ ಕಾಯಬೇಡಿ, ಹುಟ್ಟಿದ ಒಂದೆರಡು ವಾರದಲ್ಲೇ ಮೂಳೆ ಡಾಕ್ಟರಿಗೆ ತೋರಿಸಿ.

ಅಮೆರಿಕದ ಅಯೋವಾದಲ್ಲಿ ಡಾ. ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ವಿಧಾನವನ್ನೇ ಈಗ ಮೊದಲು ಮಾಡುವುದು. ಪಾದವನ್ನು ಕೈಯಲ್ಲೇ ಮೆಲ್ಲಗೆ ಹೊರಕ್ಕೆ ತಿರುಗಿಸಿ, ಮಂಡಿ ಮಡಚಿ, ಕಾಲ್ಬೆರಳಿನಿಂದ ತೊಡೆಯ ಮೇಲಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಬಿಚ್ಚಿ, ಇನ್ನಷ್ಟು ತಿರುಗಿಸಿ ಮತ್ತೆ ಹೊಸದು, ಸಾಮಾನ್ಯವಾಗಿ 5–7 ಸಲ. ಬೆರಳ ತುದಿ ಕಾಣುತ್ತಿರಬೇಕು. ನೀಲಿಯಾದರೆ, ತಣ್ಣಗಾದರೆ, ಒಳಗೆ ಸರಿದುಹೋದರೆ ತಕ್ಷಣ ಆಸ್ಪತ್ರೆಗೆ ಓಡಿ. ಕೊನೆಯಲ್ಲಿ ಹಿಮ್ಮಡಿ ಕೆಳಗಿಳಿಯಲೆಂದು ಬಹಳಷ್ಟು ಮಕ್ಕಳಿಗೆ ಅದರ ಮೇಲಿನ ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಹುರಿ) ಕತ್ತರಿಸುತ್ತಾರೆ. ಹೆದರಬೇಡಿ, ಚಿಕ್ಕ ಗಾಯ, ಕೆಲವೇ ನಿಮಿಷದ ಕೆಲಸ, ಮತ್ತೆ 3 ವಾರ ಪ್ಲಾಸ್ಟರ್‌ನಲ್ಲಿ ಇರುವಾಗ ಅದು ತಾನೇ ಕೂಡಿಕೊಳ್ಳುತ್ತದೆ.

ನಿಜವಾದ ಕಷ್ಟ ಆಮೇಲೆ. ಎರಡು ಶೂ ಒಂದು ಪಟ್ಟಿಗೆ ಜೋಡಿಸಿದ ಬ್ರೇಸ್, ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ನಂತರ ಮಗುವಿಗೆ 4–5 ವರ್ಷ ಆಗುವವರೆಗೆ ಮಲಗುವಾಗ. ಪಾದ ನೇರವಾಗಿ ಕಾಣುತ್ತದಲ್ವಾ, ಮಗು ಬೇರೆ ಅಳುತ್ತದೆ, ಹಾಗಂತ ಬಿಚ್ಚಿಟ್ಟುಬಿಡುತ್ತಾರೆ. ಮತ್ತೆ ತಿರುಗುವುದು ಜಾಸ್ತಿ ಇದರಿಂದಲೇ. ದಯವಿಟ್ಟು ಬಿಚ್ಚಬೇಡಿ, ಶೂ ಚುಚ್ಚಿ ಗುಳ್ಳೆ ಎದ್ದಿದ್ದರೆ ಡಾಕ್ಟರಿಗೆ ತೋರಿಸಿ ಸರಿಮಾಡಿಸಿ.